ಜೀರಿಗಿಯ ಜೂಲು

ದೇವದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕೂತು ಹೊಲಿಯುವ ಪಕೀರಮ್ಮ ಮನುಷ್ಯರಿಗೆ ಬಟ್ಟೆ ಹೊಲಿಯುವುದಿಲ್ಲ. ಗೊತ್ತಿಲ್ಲದೆ ಯಾರಾದರೂ ರವಿಕೆಯ ತುಂಡು ಹಿಡಿದು ಬಂದರೆ, ಕೈಯಲ್ಲಿದ್ದ ಕತ್ತರಿಯಿಂದಲೇ ಎದುರಿನ ಟೇಲರ್ ಅಂಗಡಿಯ ಕಡೆ ತೋರಿಸಿ ತನ್ನ ಕೆಲಸ ಮುಂದುವರಿಸುತ್ತಾಳೆ. ಅವಳ ಗಿರಾಕಿಗಳಿಗೆ ನಾಲ್ಕು ಕಾಲು, ಎರಡು ಕೋಡು. ಕಾರಹುಣ್ಣಿಮೆಗೆ ಎತ್ತುಗಳ ಬೆನ್ನಿಗೆ ಹೊದಿಸುವ ಜೂಲು ಹೊಲಿಯುವುದರಲ್ಲಿ ಈ ಸೀಮೆಯಲ್ಲಿ ಅವಳನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಈ ಮಾತನ್ನು ಬೇರೆಯವರು ಹೇಳಲಿ ಎಂದು ಅವಳು ಕಾಯುವವಳೂ ಅಲ್ಲ.

“ಮಂದಿಗೆ ಹೊಲಿಯೋದೇನು ದೊಡ್ಡ ಮಾತಬೇ?” ಎನ್ನುತ್ತಾಳೆ. “ಬಿಗಿ ಆದ್ರ ಬಿಗಿ ಅಂತಾರ, ಸಡ್ಲ ಆದ್ರ ಸಡ್ಲ ಅಂತಾರ. ಬಾಯಿ ಇಲ್ಲದ್ದಕ್ಕ ಹೊಲದು ತೋರಸ್ರಿ ನೋಡೋಣು.”

ಅವಳ ಪದ್ಧತಿಗಳೂ ಅವಳವೇ. ಟೇಪು ಹಿಡಿದು ಎತ್ತಿನ ಹತ್ತಿರ ಹೋಗುವುದಿಲ್ಲ. ಅದು ಗಾಳಿಗೆ ಪಟಪಟ ಅಂದರೆ ಎತ್ತು ಬೆದರುತ್ತದೆ. ಹತ್ತಿಯ ಹುರಿ ಹಿಡಿದು ಅಳತೆಗೊಂದು ಗಂಟು ಹಾಕಿಕೊಳ್ಳುತ್ತಾಳೆ. ಮೇಲೆ ಎಂಥ ಮಖಮಲ್ಲೇ ಇರಲಿ, ಮೈಗೆ ತಾಗುವ ಅಸ್ತರು ಮಾತ್ರ ತೊಳೆದು ತೊಳೆದು ಮೆತ್ತಗಾದ ಹಳೆಯ ಸೀರೆಯದೇ ಆಗಬೇಕು. ಪಟ್ಟಿ ಎದೆಗೆ ಬರಬೇಕೇ ಹೊರತು ಕುತ್ತಿಗೆಗೆ ಬರಬಾರದು. ಕಟ್ಟಿದ ಮೇಲೆ ಅದರೊಳಗೆ ಎರಡು ಬೆರಳು ಸಲೀಸಾಗಿ ಓಡಾಡಬೇಕು. ಬಾಯಿಗೆ ಎಟುಕುವಲ್ಲಿ ಗೊಂಡೆ, ಗುಂಡಿ, ಕನ್ನಡಿ ಏನೂ ಇರಕೂಡದು. ಕಿವಿ ಮುಚ್ಚುವಂಥದ್ದು ಬೇಡವೇ ಬೇಡ. ಹೊಲಿದಾದ ಮೇಲೆ ಜೂಲನ್ನು ಒಂದು ದಿನ ಗೋದಲಿಯ ಅಂಚಿಗೆ ಹಾಕುತ್ತಾಳೆ. ಎತ್ತು ಅದನ್ನು ಮೂಸಿ, ಅದರ ಪಕ್ಕದಲ್ಲೇ ಮೇವು ತಿಂದು, ಇದು ನಮ್ಮ ಮನೆಯ ಸಾಮಾನೇ ಅಂದುಕೊಂಡ ಮೇಲಷ್ಟೇ ಬೆನ್ನಿಗೆ ಹೊದಿಸುವುದು. ಹೊದಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾಳೆ. ಬೇಡವಾದರೆ ಎತ್ತು ಚರ್ಮ ಅದುರಿಸುತ್ತದೆ, ಕೋಡು ಬೀಸುತ್ತದೆ, ಒದೆಯುತ್ತದೆ. ಸುಮ್ಮನೆ ನಿಂತಿತೆಂದರೆ ಒಪ್ಪಿತು ಎಂದು ಅರ್ಥ. ಮೂವತ್ತು ವರ್ಷದಿಂದ ಪಕೀರಮ್ಮನ ಜೂಲು ಹೊದ್ದ ಎತ್ತುಗಳೆಲ್ಲ ಸುಮ್ಮನೆ ನಿಂತಿವೆ.

“ಒಂದು ಪ್ರಾಣಿನೂ ಇವತ್ತಿನ ತನಕ ನನ್ನ ಜೂಲು ಬ್ಯಾಡ ಅಂದಿಲ್ಲ,” ಎಂದು ಓಣಿಯ ಆ ತುದಿಗೆ ಕೇಳುವಂತೆ ಹೇಳುತ್ತಾಳೆ.

“ಆ ಪ್ರಾಣಿಗಳೊಳಗ ನನ್ನನ್ನೂ ಹಿಡದೀಯೇನಬೇ?” ಎಂದು ಗಂಡ ಆದೆಪ್ಪ ಕಟ್ಟೆಯ ಮೇಲಿಂದ ಕೇಳುತ್ತಾನೆ. ಓಣಿ ನಗುತ್ತದೆ. ಪಕೀರಮ್ಮ ನಗುವುದಿಲ್ಲ. ಆ ಮಾತು ಅವಳಿಗೆ ತಮಾಷೆಯಲ್ಲ. ಹೊಲವಿಲ್ಲ, ಓದಿಲ್ಲ, ದೇವದುರ್ಗದಿಂದ ಮಾನ್ವಿಯವರೆಗೆ ಅವಳಿಗಿರುವ ಹೆಸರು ಆ ಒಂದು ಮಾತಿನ ಮೇಲೆ ನಿಂತಿದೆ.

ಡಿಸೆಂಬರಿನ ಕೊನೆಯ ಭಾನುವಾರ ಅವಳ ಬಾಗಿಲಿಗೆ ಒಂದು ಬಿಳಿ ಕಾರು ಬಂದು ನಿಂತಿತು. ಇಳಿದವಳು ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಹೆಸರು ಉಮಾದೇವಿ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್.

“ಜೂಲು ಹೊಲಿಯೋ ಪಕೀರಮ್ಮ ಅಂದ್ರ ನೀವೇ ಏನ್ರಿ ಯವ್ವಾ?”

“ನಾನಲ್ದ ಇನ್ಯಾರು? ಎತ್ತು ಎಲ್ಲಿ?”

“ಎತ್ತಿಗಲ್ರಿ. ಈಕಿಗೆ,” ಎಂದು ಉಮಾದೇವಿ ಕಾರಿನ ಹಿಂದಿನ ಬಾಗಿಲು ತೆಗೆದಳು.

ಒಳಗಿನಿಂದ ಒಂದು ನಾಯಿ ಇಳಿಯಿತು. ಜಾತಿಯ ನಾಯಿಯಲ್ಲ, ನಮ್ಮ ಓಣಿಗಳಲ್ಲಿ ಹೆಜ್ಜೆಗೊಂದು ಸಿಗುವಂಥದ್ದು. ಜೀರಿಗೆಯ ಬಣ್ಣ, ಉದ್ದ ಕಾಲು, ಒಂದು ಕಿವಿಯ ತುದಿ ಹರಿದಿದೆ. ಬಣ್ಣಕ್ಕೆ ತಕ್ಕಂತೆ ಹೆಸರೂ ಜೀರಿಗಿ.

ಶಕ್ತಿನಗರದ ಕಾಲೊನಿಯಲ್ಲಿ ಜನವರಿಯ ಕೊನೆಗೆ ಸಾಕುಪ್ರಾಣಿಗಳ ವೇಷಭೂಷಣದ ಸ್ಪರ್ಧೆ. ಹೋದ ವರ್ಷ ಉಮಾದೇವಿ ಆನ್‌ಲೈನಿನಲ್ಲಿ ಸಿಂಹದ ವೇಷ ತರಿಸಿದ್ದಳಂತೆ. ಎಲಾಸ್ಟಿಕ್ ಬಿಗಿದು ಕುತ್ತಿಗೆಯೆಲ್ಲ ಕೆಂಪಾಗಿತ್ತು. ಸಾಲದ್ದಕ್ಕೆ ನಾಯಿ ಅದರ ಗುಂಡಿ ಕಿತ್ತು ನುಂಗಿ, ರಾಯಚೂರಿನ ದವಾಖಾನೆಗೆ ಓಡಬೇಕಾಯಿತು.

“ಅಷ್ಟಾದ ಮ್ಯಾಲ ಮತ್ಯಾಕ ಬೇಕಬೇ ಈ ಉಸಾಬರಿ?” ಎಂದು ಪಕೀರಮ್ಮ ನೇರವಾಗಿಯೇ ಕೇಳಿದಳು.

ಉಮಾದೇವಿ ನಾಯಿಯ ತಲೆ ಸವರಿದಳು. “ನಮ್ಮವ್ವ ಕಾಲುವಿ ಕೆಳಗ ಮಂದಿ ಹೊಲದಾಗ ನಾಟಿ ಹಚ್ಚಿ ನನ್ನ ಓದಿಸಿದ್ಲು ಯವ್ವಾ. ನಾನು ಆ ಕಾಲೊನಿಯೊಳಗ ಮನಿ ತಗೊಂಡಾಗ ಯಾರೂ ಏನೂ ಅನ್ಲಿಲ್ಲ. ಮೊನ್ನೆ ಸ್ಪರ್ಧೆಗೆ ಹೆಸರು ಬರಸಾಕ ಹೋದ್ರ, ಬಾಜು ಮನಿ ಅಕ್ಕಾರು ‘ಬೀದಿ ನಾಯಿನೂ ಕರಕೊಂಬರ್ತೀರೇನ್ರಿ?’ ಅಂದ್ರು. ನಕ್ಕೋತ ಅಂದ್ರು. ನಾನೂ ನಕ್ಕೆ.”

ಅಂಥ ನಗು ಹೇಗಿರುತ್ತದೆಂದು ಪಕೀರಮ್ಮನಿಗೆ ಗೊತ್ತಿತ್ತು. ಸೂಜಿಯನ್ನು ಹೊಲಿಗೆಯ ದಿಂಬಿಗೆ ಚುಚ್ಚಿ ಎದ್ದು ನಿಂತಳು. “ಕಾರಹುಣ್ಣಿವಿ ಎತ್ತಿಗೆ ಹಾಕಿದಂಗ ಜೂಲು ಹಾಕಿ ಮೆರಸೋಣು. ಆ ಲ್ಯಾಬ್ರಡಾರು ಗೀಬ್ರಡಾರು ಎಲ್ಲಾ ಬಾಲ ಮುದುರ್ಕೊಂಡು ಕುಂದರಬೇಕು.”

“ಈಕಿಗೆ ತ್ರಾಸ ಆಗಬಾರದ್ರಿ. ಅದೊಂದೇ.”

“ಯಾರ ಮುಂದ ಹೇಳಾಕತ್ತೀ ತಂಗಿ?” ಎಂದಳು ಪಕೀರಮ್ಮ.

ಮುಂದಿನ ಮೂರು ಭಾನುವಾರ ಪಕೀರಮ್ಮ ಚೀಲ ಹೆಗಲಿಗೆ ಹಾಕಿಕೊಂಡು, ರಾಯಚೂರಿನಲ್ಲಿ ಬಸ್ ಬದಲಿಸಿ, ಶಕ್ತಿನಗರಕ್ಕೆ ಹೋಗಿಬಂದಳು. ಮೊದಲನೆಯ ಸಲ ಅಳತೆ. ಹುರಿಯ ಗಂಟುಗಳನ್ನು ಜೀರಿಗಿ ಆಟವೆಂದು ತಿಳಿದು, ಕಚ್ಚಿಕೊಂಡು ಮೂರು ಕ್ವಾರ್ಟರ್ಸ್ ದಾಟಿ ಓಡಿತು. ಪಕೀರಮ್ಮ ಸೆರಗು ಸಿಕ್ಕಿಸಿ ಬೆನ್ನು ಹತ್ತಿದಳು. ಕೊನೆಗೆ ಬೆಲ್ಲದ ಚೂರಿಗೆ ರಾಜಿಯಾಯಿತು. ಎರಡನೆಯ ಸಲ ಹೊಲಿದ ಜೂಲನ್ನು ತಂದು ನಾಯಿ ಮಲಗುವ ಮೂಲೆಯಲ್ಲಿ ಹಾಸಿದಳು. ಕೆಂಪು ಮಖಮಲ್ಲು, ಹಸಿರು ಅಂಚು, ಕನ್ನಡಿಯ ಬದಲು ಜರಿದಾರದಲ್ಲೇ ಹೊಲಿದ ಚಂದ್ರಗಳು. ಮೊದಲ ಸಲ ಗೆಜ್ಜೆ ಅಲುಗಿಸಿ ನೋಡಿದಾಗ ನಾಯಿ ಕಿವಿ ಹಿಂದಕ್ಕೆ ಎಳೆದದ್ದು ಕಂಡು ಗೆಜ್ಜೆಯನ್ನೇ ಬಿಟ್ಟಿದ್ದಳು. ಉಚ್ಚೆಗೆ ಅಡ್ಡಿಯಾಗದಂತೆ ಹೊಟ್ಟೆಯ ಭಾಗ ತೆರೆದಿತ್ತು. ಜೂಲಿನ ಅಂದವಿರುವುದು ಹಿಂದೆ ಇಳಿಬೀಳುವ ಸೆರಗಿನಲ್ಲಿ. ಅದನ್ನು ಮಾತ್ರ ಅವಳು ಎಲ್ಲೂ ಕಡಿಮೆ ಮಾಡದೆ, ಎತ್ತಿಗೆ ಬಿಡುವಂತೆ ಬಾಲ ದಾಟಿ ಉದ್ದಕ್ಕೆ ಬಿಟ್ಟಿದ್ದಳು. ಜೀರಿಗಿ ಜೂಲನ್ನು ಮೂಸಿತು, ಮೂರು ಸುತ್ತು ತಿರುಗಿತು, ಅದರ ಮೇಲೆಯೇ ಮುದುರಿ ಮಲಗಿತು.

“ಅರ್ಧ ಕೆಲಸ ಆತು ನೋಡು,” ಎಂದು ಪಕೀರಮ್ಮ ಚಹಾ ಕುಡಿದು ಎದ್ದಳು.

ಮೂರನೆಯ ಭಾನುವಾರ ಹೊದಿಸಿದಳು. ಎದೆಯ ಪಟ್ಟಿ ಕಟ್ಟಿ, ಎರಡು ಬೆರಳು ಓಡಾಡಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದಳು. ಜೀರಿಗಿ ಅಲುಗಲಿಲ್ಲ. ನಡುಮನೆಯಲ್ಲಿ ನೆಟ್ಟ ಕಲ್ಲಿನಂತೆ ನಿಂತುಬಿಟ್ಟಿತು. ಪಕೀರಮ್ಮನಿಗೆ ಹಿಗ್ಗು. ಎತ್ತುಗಳಾದರೂ ಮೊದಲ ಸಲಕ್ಕೆ ಒಂದೆರಡು ಬಾರಿ ಕಿವಿ ಆಡಿಸುತ್ತವೆ, ಇದು ಅಷ್ಟೂ ಮಾಡಲಿಲ್ಲ.

“ಆಕಳಸಾಕತ್ತಾಳಲ್ರಿ ಯವ್ವಾ?” ಎಂದಳು ಉಮಾದೇವಿ.

“ಮೈ ಬೆಚ್ಚಗಾಗೇದ, ನಿದ್ದಿ ಬರಾಕತ್ತದ.”

“ಸುಮ್ಮಸುಮ್ನ ತುಟಿ ನೆಕ್ಕಾಕತ್ತಾಳ…”

“ಬೆಲ್ಲ ಬೇಡಾಕತ್ತಾಳ. ಕೊಡು ಒಂದು ಚೂರು.”

ಜೀರಿಗಿ ಬೆಲ್ಲ ಮುಟ್ಟಲಿಲ್ಲ. ಹೊಟ್ಟೆ ತುಂಬಿದೆ ಎಂದು ಅದಕ್ಕೂ ಪಕೀರಮ್ಮನ ಹತ್ತಿರ ಉತ್ತರವಿತ್ತು. ಇಷ್ಟು ವರ್ಷ ಪ್ರಾಣಿಗಳೊಂದಿಗೆ ಬದುಕಿದವಳ ಮಾತಿನ ಮೇಲೆ ಉಮಾದೇವಿ ಮತ್ತೇನು ಹೇಳುವುದು? ಫೋನಿನಲ್ಲಿ ಫೋಟೊ ತೆಗೆದಳು. ಫೋಟೊ ಚೆನ್ನಾಗಿ ಬಂತು.

ಸ್ಪರ್ಧೆಯ ದಿನ ಸಂಜೆ ಕಾಲೊನಿಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಹಿಂದೆ ಸ್ಥಾವರದ ಚಿಮಣಿಗಳು, ಮುಂದೆ ಪ್ಲಾಸ್ಟಿಕ್ ಕುರ್ಚಿಗಳು, ನಡುವೆ ಕೆಂಪು ಹಾಸು. ಮೈಕು ಕುತುಬುದ್ದೀನನ ಕೈಯಲ್ಲಿತ್ತು. ಅವನು ಸ್ಥಾವರದಲ್ಲಿ ಗುತ್ತಿಗೆಯ ಎಲೆಕ್ಟ್ರಿಷಿಯನ್. ಮೈಕು ಜೋಡಿಸಲು ಕರೆದರೆ ಮಾತಾಡದೆ ಹೋಗುವ ಆಸಾಮಿಯಲ್ಲ. ತೀರ್ಪು ಕೊಡಲು ರಾಯಚೂರಿನಿಂದ ಪಶುವೈದ್ಯೆ ನಾಹಿದ್ ಬಂದಿದ್ದರು. ಹೋದ ವರ್ಷ ಜೀರಿಗಿಯ ಹೊಟ್ಟೆಯಿಂದ ಗುಂಡಿ ತೆಗೆದವರು ಅವರೇ.

ಪಕೀರಮ್ಮ ಇಳಕಲ್ ಸೀರೆಯುಟ್ಟು, ಸೊಂಟಕ್ಕೆ ಕತ್ತರಿ ಸಿಕ್ಕಿಸಿಕೊಂಡು ಬಂದಿದ್ದಳು. ಬಂದವಳು ಕೂರಲಿಲ್ಲ. ಸಾಲಾಗಿ ನಿಂತ ಪ್ರಾಣಿಗಳ ತಪಾಸಣೆಗೆ ಹೊರಟಳು. ಪೊಲೀಸ್ ಇನ್‌ಸ್ಪೆಕ್ಟರ್ ವೇಷದ ಲ್ಯಾಬ್ರಡಾರಿನ ಟೊಪ್ಪಿಗೆಯ ಎಲಾಸ್ಟಿಕ್ಕಿನಡಿ ಬೆರಳು ತೂರಿಸಲು ಹೋದರೆ ಉಗುರೂ ಹೋಗಲಿಲ್ಲ. ಯಜಮಾನ ಬಾಯಿ ತೆರೆಯುವ ಮೊದಲೇ ಕಚಕ್ ಎಂದು ಕತ್ತರಿಸಿ, ಅದೇ ಜಾಗಕ್ಕೆ ಸಡಿಲವಾಗಿ ಹತ್ತಿಯ ದಾರ ಕಟ್ಟಿದಳು. ನಾಯಿ ಅವಳ ಕೈ ನೆಕ್ಕಿತು. ಉಣ್ಣೆಯ ಕೋಟಿನಲ್ಲಿ ತೇಕುತ್ತಿದ್ದ ಪೊಮೆರೇನಿಯನ್ನಿನ ಮುಂದೆ ನಿಂತು, “ದೇವರು ಕೊಟ್ಟ ಕಂಬಳಿ ಮೈಮ್ಯಾಲ ಅದಲ್ರಿ, ಮ್ಯಾಲ ಇನ್ನೊಂದ್ಯಾಕ?” ಎಂದು ಕೋಟು ಬಿಚ್ಚಿಸಿ ನೀರು ಕುಡಿಸಿದಳು. ಸೀರೆ ಉಡಿಸಿದ ಬೆಕ್ಕೊಂದು ಕುರ್ಚಿಯ ಕೆಳಗೆ ಹಲ್ಲು ತೋರಿಸುತ್ತ ಕೂತಿತ್ತು. “ಅದನ್ನ ಬಿಟ್ಟಬಿಡ್ರಿ. ಅದು ನಿಮ್ಮನ್ನ ಸಾಕೇದ, ನೀವು ಅದನ್ನ ಸಾಕಿಲ್ಲ,” ಎಂದಳು. ಬೆಕ್ಕಿನ ಯಜಮಾನಿಯೂ ನಕ್ಕು ಸೀರೆ ಬಿಚ್ಚಿದಳು. ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ನಾಹಿದ್ ದೂರದಿಂದ ನೋಡಿ ತಲೆಯಾಡಿಸಿದ್ದೂ ಅವಳ ಕಣ್ಣಿಗೆ ಬಿತ್ತು.

ಜೀರಿಗಿಯ ಹತ್ತಿರ ಮರಳಿ ಬಂದಾಗ ಜನ ಮುತ್ತಿಕೊಂಡಿದ್ದರು. ಸಂಜೆಯ ಬಿಸಿಲಿಗೆ ಜರಿಯ ಚಂದ್ರಗಳು ಹೊಳೆಯುತ್ತಿದ್ದವು. ಬೇರೆ ನಾಯಿಗಳು ಹಗ್ಗ ಜಗ್ಗುತ್ತ, ಬೊಗಳುತ್ತ, ವೇಷ ಕಿತ್ತುಕೊಳ್ಳುತ್ತ ಇದ್ದರೆ ಇದೊಂದು ತುಸುವೂ ಅಲ್ಲಾಡದೆ ನಿಂತಿತ್ತು. “ಎಷ್ಟು ಛಲೋ ಕಲಿಸೀರಿ!” ಎಂದರು ಯಾರೋ. ಬಾಜು ಮನೆಯ ಅಕ್ಕನವರು ಬಂದು ಫೋಟೊ ತೆಗೆಸಿಕೊಂಡರು. ಮೊದಲ ಬಹುಮಾನ ಇದಕ್ಕೇ ಎಂದು ಆಗಲೇ ಮಾತಾಗಿತ್ತು. ಉಮಾದೇವಿಯ ಮುಖದಲ್ಲಿ ಅಂಥ ಬೆಳಕನ್ನು ಪಕೀರಮ್ಮ ಈ ನಾಲ್ಕು ವಾರದಲ್ಲಿ ನೋಡಿರಲಿಲ್ಲ.

ಕುತುಬುದ್ದೀನ್ ಒಂದೊಂದೇ ಪ್ರಾಣಿಯ ಹೆಸರು ಕೂಗಿ ಕೆಂಪು ಹಾಸಿನ ಮೇಲೆ ಸುತ್ತು ಹಾಕಿಸುತ್ತಿದ್ದ, ಜೀರಿಗಿಯ ಸರದಿಗೆ ಇನ್ನೆರಡು ಬಾಕಿಯಿದ್ದವು. ಜೂಲಿನ ಹಿಂದಿನ ಸೆರಗು ಒಂದು ಕಡೆ ಉಬ್ಬಿದಂತೆ ಕಂಡಿತು. ತನ್ನ ಹೊಲಿಗೆಯಲ್ಲಿ ಉಬ್ಬೇ? ಪಕೀರಮ್ಮ ಕುಕ್ಕರಗಾಲಿನಲ್ಲಿ ಕೂತು ಸೆರಗು ಎತ್ತಿದಳು.

ಜೀರಿಗಿಯ ಬಾಲ ಕಾಲುಗಳ ಸಂದಿಯಿಂದ ಹಾದು ಹೊಟ್ಟೆಗೆ ಅಂಟಿಕೊಂಡಿತ್ತು. ಹಿಂಗಾಲುಗಳು ಸಣ್ಣಗೆ ನಡುಗುತ್ತಿದ್ದವು, ನಿಂತು ನೋಡಿದರೆ ಕಾಣದಷ್ಟು ಸಣ್ಣಗೆ. ಪಕೀರಮ್ಮ ಅಂಗೈಯನ್ನು ಅದರ ಎದೆಯ ಕೆಳಗಿಟ್ಟಳು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

ಅವಳ ಕೈ ಅಲ್ಲೇ ಉಳಿಯಿತು. ನಾಯಿ ತನ್ನ ಸುಖದುಃಖ ಹೇಳಿಕೊಳ್ಳುವುದು ಬಾಲದಲ್ಲಿ ಎಂಬುದು ಓಣಿಯ ಕೂಸಿಗೂ ಗೊತ್ತು. ಆ ಬಾಲವನ್ನೇ ತಾನು ಮಖಮಲ್ಲು ಹೊದಿಸಿ ಮುಚ್ಚಿಟ್ಟಿದ್ದಳು. ಮುಚ್ಚಿ, ಮೇಲಿನಿಂದ ನೋಡಿ, ಒಪ್ಪಿದೆ ಎಂದಿದ್ದಳು. ನಿದ್ದೆ ಎಂದ ಆಕಳಿಕೆ ನಿದ್ದೆಯಲ್ಲ, ಬೆಲ್ಲ ಬೇಡಿದೆ ಎಂದ ನಾಲಿಗೆ ಬೆಲ್ಲ ಬೇಡಿರಲಿಲ್ಲ. ಈ ಜೀವ ಒಪ್ಪಿ ನಿಂತಿರಲಿಲ್ಲ. ಹೆದರಿ ನಿಂತಿತ್ತು.

“ತಂಗಿ,” ಎಂದಳು. “ಇದನ್ನ ಬಿಚ್ಚಬೇಕು.”

“ಈಗೇನ್ರಿ? ಇನ್ನೊಂದೇ ನಾಯಿ ಅದ, ಆಮ್ಯಾಲ ನಮ್ದೇ!” ಉಮಾದೇವಿ ದನಿ ತಗ್ಗಿಸಿದಳು. “ಎಲ್ಲಾರೂ ನೋಡಾಕತ್ತಾರ ಯವ್ವಾ. ಒಂದು ಸುತ್ತು. ಒಂದೇ ಸುತ್ತು ಹೋಗಿ ಬಂದು ಬಿಚ್ಚೋಣ್ರಿ.”

ಒಂದು ಸುತ್ತೆಂದರೆ ಎರಡು ನಿಮಿಷ. ಪಕೀರಮ್ಮನಿಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಬೇಕು. ಸೆರಗು ಇಳಿಸಿಬಿಟ್ಟರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಡಾಕ್ಟರಮ್ಮನಿಗೂ ಅಷ್ಟು ದೂರದಿಂದ ಕಂಡಿರಲಿಲ್ಲ. ಬಿಚ್ಚಿದರೆ ಬಹುಮಾನ ಹೋಗುತ್ತದೆ, ಈ ಹುಡುಗಿಯ ಮುಖದ ಬೆಳಕು ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಪಕೀರಮ್ಮನ ಜೂಲನ್ನು ಒಂದು ಪ್ರಾಣಿ ಬೇಡ ಎಂದದ್ದನ್ನು ಇಷ್ಟು ಜನ ಕಣ್ಣಾರೆ ನೋಡುತ್ತಾರೆ. ಮೂವತ್ತು ವರ್ಷ ಕೂಗಿ ಹೇಳಿದ ಮಾತು.

ಅವಳು ಉಮಾದೇವಿಯ ಕೈ ಹಿಡಿದು ಕೆಳಗೆ ಕೂರಿಸಿ, ಆ ಕೈಯನ್ನು ನಾಯಿಯ ಎದೆಗೆ ಒತ್ತಿದಳು.

ಉಮಾದೇವಿಯ ಮುಖ ಬದಲಾಯಿತು. “ನನಗ ಸಿಕ್ಕ ದಿನ ಹಿಂಗ ನಿಂತಿದ್ಲು,” ಎಂದಳು. “ಪ್ಲಾಂಟಿನ ಬೂದಿ ಒಯ್ಯೋ ಲಾರಿಗಳ ಗೇಟಿನ ಹತ್ರ. ಯಾರೋ ಕಲ್ಲು ಒಗೆಯಾಕತ್ತಿದ್ರು. ಓಡಿರಲಿಲ್ಲ. ಹಿಂಗ ನಿಂತಿದ್ಲು.”

ಪಕೀರಮ್ಮ ಪಟ್ಟಿಯ ಗಂಟು ಎಳೆದಳು. ಒಂದೇ ಎಳೆತಕ್ಕೆ ಬಿಚ್ಚುವ ಗಂಟು, ಅವಳದೇ ಕಲೆ. ಜೂಲು ಜಾರಿ ಬಿತ್ತು. ಜೀರಿಗಿ ಒಂದು ಕ್ಷಣ ಹಾಗೇ ನಿಂತಿತು, ಆಮೇಲೆ ಮೂಗಿನಿಂದ ಬಾಲದವರೆಗೆ ಮೈಯನ್ನೆಲ್ಲ ಪಟಪಟ ಕೊಡವಿತು, ಬಟ್ಟಲ ನೀರನ್ನು ಲೊಚಲೊಚ ಕುಡಿಯಿತು, ಶಾಮಿಯಾನದ ಕಂಬದ ಬುಡದಲ್ಲಿ ಕೂತು ಉಚ್ಚೆ ಹೊಯ್ದು ನಿರಾಳವಾಯಿತು.

“ಈಗ ನಮ್ಮ ಉಮಾ ಮೇಡಂ ಅವರ ಜೀರಿಗಿ! ವೇಷ ಹೊಲಿದವರು ದೇವದುರ್ಗದ ಪಕೀರಮ್ಮ!” ಎಂದು ಕುತುಬುದ್ದೀನ್ ಕೂಗಿದ. ಜನ ತಿರುಗಿದರು. ಕೆಂಪು ಹಾಸಿನ ತುದಿಯಲ್ಲಿ ಬರಿಮೈಯ ಬೀದಿನಾಯಿ ನಿಂತಿತ್ತು. ಬಾಜು ಮನೆಯ ಅಕ್ಕನವರ ಹುಬ್ಬು ಏರಿತು.

ಉಮಾದೇವಿ ಒಂದು ಸಲ ಅತ್ತ ನೋಡಿದಳು. ನೆಲದ ಮೇಲಿದ್ದ ಜೂಲನ್ನು ಎತ್ತಿ, ಝಾಡಿಸಿ, ತನ್ನ ಬೆನ್ನಿಗೆ ಹೊದ್ದುಕೊಂಡಳು. ಪಟ್ಟಿಯನ್ನು ಎದೆಗೆ ತಾನೇ ಕಟ್ಟಿಕೊಂಡಳು. ತಲೆ ಎತ್ತಿ ಹಾಸಿನ ಮೇಲೆ ನಡೆದಳು. ಜೀರಿಗಿ ಅವಳ ಮುಂದೆ ಹಿಂದೆ ಜಿಗಿಯುತ್ತ, ಬಾಲವನ್ನು ಸೊಂಟ ಸಮೇತ ಬೀಸುತ್ತ, ಮೈದಾನವೆಲ್ಲ ತನ್ನದೆಂಬಂತೆ ಹೊರಟಿತು. ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಬಿದ್ದ ಚಪ್ಪಾಳೆಗೆ ಚಿಮಣಿಯ ಮೇಲಿನ ಪಾರಿವಾಳಗಳೂ ಎದ್ದಿರಬೇಕು.

“ಯಾ ಅಲ್ಲಾ! ಇದರಾಗ ಸಾಕಿದವರ್ಯಾರು, ಸಾಕಿಸ್ಕೊಂಡವರ್ಯಾರು?” ಎಂದು ಕುತುಬುದ್ದೀನ್ ಕೇಳಿದ. “ಪಕೀರಮ್ಮಾ, ಏನ್ ಕಥಿ ಇದು, ನೀವೇ ಹೇಳ್ರಿ.”

ಪಕೀರಮ್ಮ ಮೈಕು ಇಸಿದುಕೊಂಡಳು. ಅಷ್ಟು ಜನರ ಮುಂದೆ ಅವಳೆಂದೂ ಮಾತಾಡಿದವಳಲ್ಲ, ಆದರೆ ಅಂಜಿಕೆ ಅವಳ ಹತ್ತಿರ ಸುಳಿಯಲಿಲ್ಲ.

“ಜೂಲು ನಂದು. ಹೊಲಿಗಿಯೊಳಗ ಒಂದು ಎಳಿ ತಪ್ಪಿಲ್ಲ, ಬೇಕಾದ್ರ ಬಂದು ನೋಡ್ಕೋರಿ. ಆದ್ರ ಈ ನಾಯಿ ಬ್ಯಾಡ ಅಂದದ. ಹೋದ ವಾರಾನೇ ಅಂದಿತ್ತು. ನನಗ ಇವತ್ತು ಕೇಳಿಸ್ತು. ತಪ್ಪು ನಂದು, ಈ ಹುಡುಗಿದಲ್ಲ. ನಿಮ್ಮವೂ ಏನರ ಅನ್ನಾಕತ್ತಾವೇನು, ಬಗ್ಗಿ ನೋಡ್ರಿ ಒಂದೀಟು.”

ಜನ ಬಗ್ಗಿ ನೋಡಿದರು. ಒಬ್ಬರು ಟೊಪ್ಪಿಗೆ ತೆಗೆದರು, ಇನ್ನೊಬ್ಬರು ಬೂಟು ಬಿಚ್ಚಿದರು. ಬಹುಮಾನ ಕೊಡುವ ಹೊತ್ತಿಗೆ ಅರ್ಧಕ್ಕರ್ಧ ನಾಯಿಗಳು ಬರಿಮೈಯಲ್ಲಿದ್ದವು. ಮೊದಲ ಬಹುಮಾನ ಟೊಪ್ಪಿಗೆ ಕಳಚಿದ ಇನ್‌ಸ್ಪೆಕ್ಟರಿಗೆ ಹೋಯಿತು. ಅದು ತನ್ನ ಅಂಗಿಯನ್ನು ಸುಖವಾಗಿ ಹಾಕಿಕೊಂಡೇ ಬಾಲ ಆಡಿಸುತ್ತಿತ್ತು, ಬೇಕೆನ್ನುವ ನಾಯಿಗಳೂ ಇರುತ್ತವಲ್ಲ. ಉಮಾದೇವಿ ಬಹುಮಾನದ ಕಡೆ ತಿರುಗಿ ನೋಡಲಿಲ್ಲ. ಜೂಲು ಹೊದ್ದೇ ಮನೆಗೆ ಹೋದಳು.

ಹೊರಡುವ ಮುನ್ನ ಪಕೀರಮ್ಮ ನಾಹಿದ್ ಹತ್ತಿರ ಹೋಗಿ ನಿಂತಳು.

“ಡಾಕ್ಟರಮ್ಮಾ, ಒಂದು ಮಾತು ಕೇಳ್ತೀನಿ. ನಾಯಿ ಹೆದರಿ ನಿಂದರ್ತದ. ಎತ್ತು?”

ನಾಹಿದ್ ಸ್ವಲ್ಪ ಯೋಚಿಸಿ ಹೇಳಿದರು. “ಎತ್ತೂ ನಿಂದರ್ತದಮ್ಮ. ಎಲ್ಲಾ ಅಲ್ಲ. ಕೆಲವು ಒದೀತಾವ, ಕೆಲವು ಒಳಗಿಂದೊಳಗ ಸಹಿಸ್ಕೋತಾವ. ನಿಂತದ್ದನ್ನ ನೋಡಬ್ಯಾಡ್ರಿ, ಬಾಯಿ ನೋಡ್ರಿ. ನಿವಾಂತ ಇದ್ದ ಎತ್ತು ಮೇದ ಮ್ಯಾಲ ಮೆಲುಕು ಹಾಕ್ತದ. ಅಂಜಿದ್ದು ಹಾಕೂದಿಲ್ಲ.”

ರಾಯಚೂರಿನಿಂದ ದೇವದುರ್ಗದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಪಕೀರಮ್ಮ ಎತ್ತುಗಳ ಬಾಯಿಗಳನ್ನು ನೆನಪಿಸಿಕೊಂಡಳು. ಒಂದೊಂದೇ ಎತ್ತು ಕಣ್ಣ ಮುಂದೆ ಬಂತು. ಜೂಲಿನಡಿಯಲ್ಲೇ ನೊರೆ ಬರುವಂತೆ ಮೆಲುಕು ಹಾಕಿದವು ಬಹಳ ಇದ್ದವು. ಅವುಗಳ ಮೇಲೆ ಆಣೆಯಿಟ್ಟು ಹೇಳಬಲ್ಲಳು. ಆದರೆ ಎಲ್ಲವೂ ಅಲ್ಲ. ಮಾನ್ವಿಯ ಮಲ್ಲಯ್ಯನ ಕೆಂಚ ಎಂಬ ಎತ್ತಿಗೆ ಅವಳು ನಾಲ್ಕು ಜೂಲು ಹೊಲಿದಿದ್ದಳು. ಅದರಷ್ಟು ಸಾಧು ಎತ್ತು ಇಲ್ಲವೆಂದು ಹೋದಲ್ಲೆಲ್ಲ ಹೇಳಿದ್ದಳು. ಆ ಕೆಂಚ ಜೂಲು ಹೊದ್ದು ಬಾಯಾಡಿಸಿದ್ದನ್ನು ಎಷ್ಟು ನೆನೆದರೂ ನೆನಪಾಗಲಿಲ್ಲ. ಕಣ್ಣೀರು ಬಂತು, ಸೆರಗಿನಿಂದ ಒರೆಸಿಕೊಂಡಳು, ಮತ್ತೆ ಬಂತು. ಪಕ್ಕದಲ್ಲಿದ್ದವಳು ಊರಿನಲ್ಲಿ ಯಾರಾದರೂ ತೀರಿಕೊಂಡರೇ ಎಂದು ಕೇಳಿದಳು.

ಕಾರಹುಣ್ಣಿಮೆ ಬಂತು. ಯಾರೂ ಕರೆಯದಿದ್ದರೂ ಪಕೀರಮ್ಮ ಬೆಳಿಗ್ಗೆಯೇ ಮಾನ್ವಿಗೆ ಹೋದಳು. ಮಲ್ಲಯ್ಯ ಎತ್ತುಗಳ ಮೈ ತೊಳೆದು, ಮೇವು ಹಾಕಿ, ಕೋಡಿಗೆ ಬಣ್ಣ ಬಳಿದು ಮುಗಿಸಿದ್ದ. ಬೀದಿಯಲ್ಲಿ ಹಲಗೆ ಬಾರಿಸುವುದು ಆಗಲೇ ಕೇಳುತ್ತಿತ್ತು. ಬಲಗಡೆಯ ಎತ್ತು ಜೂಲು ಹೊದ್ದು ಆರಾಮಾಗಿ ಬಾಯಾಡಿಸುತ್ತಿತ್ತು. ಕೆಂಚನಿಗೂ ಹೊದಿಸಿದರು. ಕೆಂಚ ಸುಮ್ಮನೆ ನಿಂತಿತು. ಪಕೀರಮ್ಮ ಅದರ ಮೂತಿಯ ಎದುರು ಒಂದು ಕಲ್ಲಿನ ಮೇಲೆ ಕೂತಳು.

“ನಿಂತದಲ್ಲಬೇ, ಇನ್ನೇನು? ನಡಿ ಹೊರಡಾಮು,” ಎಂದ ಮಲ್ಲಯ್ಯ.

“ಬಾಯಿ ಆಡಸಲಿ.”

“ಏನು?”

“ಬಾಯಿ ಆಡಸಲಿ ಮಲ್ಲಯ್ಯಣ್ಣ. ಕಾಯೋಣು.”

ಹಲಗೆಯ ಸದ್ದು ಹತ್ತಿರ ಬಂತು, ಮನೆಯ ಮುಂದೆ ಹಾದುಹೋಯಿತು, ದೂರವಾಯಿತು. ಮಲ್ಲಯ್ಯ ಒಳಗೆ ಹೊರಗೆ ಓಡಾಡಿದ, ಗೊಣಗಿದ, ಬೀಡಿ ಹಚ್ಚಿದ. ಕೆಂಚನ ದವಡೆ ಅಲುಗಲಿಲ್ಲ. ಅದರ ದೊಡ್ಡ ಕಣ್ಣು ಎಲ್ಲೋ ನೆಟ್ಟಿತ್ತು. ಪಕೀರಮ್ಮ ಎದ್ದು ಪಟ್ಟಿಯ ಗಂಟು ಎಳೆದು ಜೂಲು ತೆಗೆದಳು, ಮಡಿಸಿ ಗೂಟಕ್ಕೆ ಹಾಕಿದಳು, ಮತ್ತೆ ಕಲ್ಲಿನ ಮೇಲೆ ಕೂತಳು. ಇನ್ನೂ ಸ್ವಲ್ಪ ಹೊತ್ತು ಹೋಯಿತು. ಕೆಂಚ ಉದ್ದಕ್ಕೆ ಒಂದು ಉಸಿರು ಬಿಟ್ಟಿತು. ಅದರ ಗಂಟಲಲ್ಲಿ ಉಂಡೆಯೊಂದು ಮೇಲೆ ಬಂದದ್ದು ಕಾಣಿಸಿತು. ದವಡೆ ಒಮ್ಮೆ ಆಡಿತು, ನಿಂತಿತು, ಆಮೇಲೆ ಬಿಡದೆ ಆಡತೊಡಗಿತು.

“ನಾಲ್ಕು ಜೂಲು ಹೊಲದೆ ನಿನಗ,” ಎಂದು ಪಕೀರಮ್ಮ ಎತ್ತಿಗೆ ಹೇಳಿದಳು. “ನಾಲ್ಕೂ ಸಲ ಬ್ಯಾಡ ಅಂದಿದ್ದಿಯಲ್ಲೋ ಯಪ್ಪಾ.”

ಮಲ್ಲಯ್ಯನಿಗೆ ಬೇರೆ ಚಿಂತೆ. “ಊರಾಗಿನ ಎತ್ತೆಲ್ಲ ಮೆರ್ಕೋತ ಹೋಗ್ಯಾವ. ನಂದೊಂದು ಬರಿಮೈಲೆ ಹೋಗಬೇಕೇನಬೇ? ಮಂದಿ ಕೇಳಿದ್ರ ಏನು ಹೇಳ್ಲಿ? ಪಕೀರಮ್ಮನ ಜೂಲು ಬ್ಯಾಡ ಅಂತು ಅಂದ್ರ ನಿನ್ನ ಹೆಸರೇ ಕೆಡ್ತದ.”

“ನೀ ಏನೂ ಹೇಳಬ್ಯಾಡ. ಹಗ್ಗ ನನ್ನ ಕೈಯಾಗ ಕೊಡು.”

ಬಣ್ಣದ ಕೋಡು, ತೊಳೆದ ಕೆಂಚು ಮೈ, ಬೆನ್ನ ಮೇಲೆ ಏನೂ ಇಲ್ಲ. ಕೆಂಚನ ಹಗ್ಗ ಸಡಿಲವಾಗಿ ಹಿಡಿದು ಪಕೀರಮ್ಮ ಮಾನ್ವಿಯ ದೊಡ್ಡ ಬಜಾರಿಗೆ ಇಳಿದಳು. ಅಕ್ಕಿ ಅಂಗಡಿಯ ಕಟ್ಟೆಯ ಮೇಲೆ ಕೂತವನೊಬ್ಬ ಎದ್ದು ನಿಂತ. “ಯಾಕಬೇ ಪಕೀರಮ್ಮ? ಎತ್ತಿಗೆ ಜೂಲೇ ಇಲ್ಲಲ್ಲ!”

“ಬ್ಯಾಡ ಅಂತು!” ಎಂದಳು ಪಕೀರಮ್ಮ, ಬಜಾರಿನ ಆ ತುದಿಗೆ ಕೇಳುವಂತೆ.

ಬಜಾರು ಮುಗಿಯುವವರೆಗೆ ಇನ್ನೂ ಆರು ಜನ ಕೇಳಿದರು. ಆರು ಜನರಿಗೂ ಅವಳು ನಿಂತು ಹೇಳಿದಳು.